ಬೇಕಲೈಟ್ ಹಲಗೆಯ ಮೇಲಿನ ಬಿಳಿ ಗೀಟು

ನೀಲಕಂಠಸ್ವಾಮಿ ಅಂದು ಬೆಳಗಿನಿಂದ ಕೂತಲ್ಲಿ ಕೂತಿರಲಿಲ್ಲ, ನಿಂತಲ್ಲಿ ನಿಂತಿರಲಿಲ್ಲ. ಕೋಣೆಯಿಂದ ಹಜಾರಕ್ಕೆ, ಹಜಾರದಿಂದ ಜಗಲಿಗೆ, ಜಗಲಿಯಲ್ಲಿ ನಿಂತು ಮೋಡ ನೋಡಿ ಮತ್ತೆ ಕೋಣೆಗೆ. ಇವನು ದುರುಗುಟ್ಟಿ ನೋಡಿದ ಮಾತ್ರಕ್ಕೆ ಮೋಡ ಹೆದರಿ ಓಡಿಹೋದೀತೇ? ಚಿತ್ತಾ ಮಳೆ ಚಾಮರಾಜನಗರದ ಮೇಲೆ ತನ್ನ ಪಾಡಿಗೆ ತಾನು ಜಿನುಗುತ್ತಿತ್ತು. ಅಡುಗೆಮನೆಯಿಂದ ತಾಯಿ ದೊಡ್ಡಮಲ್ಲಮ್ಮ ಊಟಕ್ಕೆ ಕರೆದು ಕರೆದು ಸಾಕಾಗಿ, ತಟ್ಟೆಗೆ ಮುಚ್ಚಳ ಮುಚ್ಚಿಟ್ಟಿದ್ದಳು. ಕರೆದಾಗಲೆಲ್ಲ "ಬಂದೆ ಕಣವ್ವ" ಎಂದವನು ಒಂದು ಸಲವೂ ಬಂದಿರಲಿಲ್ಲ.

ಅವನು ಕೈಯಾರೆ ಕಟ್ಟಿದ ರೇಡಿಯೋ ಕೈಕೊಟ್ಟಿತ್ತು. ಮೊನ್ನೆಯವರೆಗೂ ಮೈಸೂರು ಆಕಾಶವಾಣಿಯನ್ನು ಪಕ್ಕದ ಮನೆಯವರು ಮಾತಾಡಿದಷ್ಟು ಸಲೀಸಾಗಿ ಕೇಳಿಸುತ್ತಿದ್ದ ಪೆಟ್ಟಿಗೆ, ಇಂದು ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಚಟ ಎನ್ನುತ್ತಿತ್ತು. ಅದರ ನಡುವೆ ಒಂದು ಮಾತೂ ಹಸನಾಗಿ ಕೇಳುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಅಂದು ಸಂಜೆ ಏಳೂವರೆಗೆ ಅವನ ಹೆಂಡತಿ ಚಂದ್ರಮತಿ ಆಕಾಶವಾಣಿಯಲ್ಲಿ ವಚನ ಹಾಡುವವಳಿದ್ದಳು. ಅದು ಐವತ್ತನಾಲ್ಕನೆಯ ಇಸವಿ. ಅವರು ಅಲ್ಲಿ ಹಾಡುತ್ತಿದ್ದ ಹಾಗೆಯೇ ನಾವು ಇಲ್ಲಿ ಕೇಳಬೇಕು, ತಪ್ಪಿದರೆ ಗಾಳಿಗೆ ಹೋಯಿತು. ಅವಳ ಅಣ್ಣ, ಹಂಗಳದ ಶಿವರುದ್ರಸ್ವಾಮಿ, ಮೈಸೂರಿನಲ್ಲಿ ಮೇಷ್ಟರಾಗಿದ್ದ. ತಂಗಿ ತವರಿಗೆ ಬಂದಿದ್ದಾಗ ಅವಳನ್ನು ಕರೆದೊಯ್ದು, ಕಂಠ ಪರೀಕ್ಷೆ ಮಾಡಿಸಿ, ಅವಳು ಅದರಲ್ಲಿ ಗೆದ್ದ ಮೇಲೆ ಇಲ್ಲಿಗೆ ಬಂದು ಅವಳ ಮಾವ ಶಾಂತಮಲ್ಲಪ್ಪನವರ ಮುಂದೆ ಕೈಕಟ್ಟಿ ನಿಂತಿದ್ದ.

ಶಾಂತಮಲ್ಲಪ್ಪನವರು ಅರಿಸಿನದ ಮಂಡಿ ಇಟ್ಟವರು, ಚಂದಕವಾಡಿಯಲ್ಲಿ ಜಮೀನುಳ್ಳವರು. ಕೂಗಾಡುವ ಆಸಾಮಿಯಲ್ಲ. ಎಲೆಯಡಿಕೆ ಹಾಕಿಕೊಂಡು, ಚೆನ್ನಾಗಿ ಅಗಿದು, ಎದ್ದುಹೋಗಿ ಉಗಿದು, ಬಂದು ಕೂತು ಆಮೇಲೆ ಮಾತಾಡುವವರು. ಅಷ್ಟು ಹೊತ್ತು ಕಾದವರಿಗೆ ಅರ್ಧ ಜೀವ ಹೋಗಿರುತ್ತಿತ್ತು.

"ಒಂದ್ಸಲ ಹಾಡ್ಲಿ," ಎಂದಿದ್ದರು ಅವರು. "ನನ್ ಮನೇಲಿ, ನನ್ ಕುರ್ಚೀಲಿ ಕೂತು, ನನ್ ಕಿವಿಯಾರ ನಾನು ಕೇಳ್ಬೇಕು. ನಾಕು ಜನದ ಮುಂದೆ ತಲೆ ಎತ್ತೋ ಹಂಗಿದ್ರೆ ಮುಂದಕ್ಕೂ ಹಾಡ್ಲಿ. ನಾಟಕದೋರ ಥರ ಇದ್ರೆ ಅಲ್ಲಿಗೇ ಮುಗೀತು."

"ಮಳೆ ಗುಡುಗು ಬಂದು ಕೇಳಿಸ್ದೇ ಹೋದ್ರೆ, ಮಾವನೋರೆ?" ಎಂದಿದ್ದ ಶಿವರುದ್ರಸ್ವಾಮಿ.

"ಕೇಳಿಸ್ದೇ ಹೋದ್ರೂ ಮುಗೀತು."

ಊರಿನಲ್ಲಿ ಬೇರೆ ರೇಡಿಯೋ ಇರಲಿಲ್ಲವೆಂದಲ್ಲ. ಮುನಿಸಿಪಾಲಿಟಿ ಪಾರ್ಕಿನಲ್ಲೊಂದು ಸಂಜೆಯೆಲ್ಲ ಕೂಗುತ್ತಿತ್ತು. ಕಡಲೆಕಾಯಿ ಸಿಪ್ಪೆಯ ಮಧ್ಯೆ ಕೂತು ಶಾಂತಮಲ್ಲಪ್ಪನವರು ಸೊಸೆಯ ಹಾಡು ಕೇಳುವುದುಂಟೇ? ವಕೀಲ ಮಹದೇವಪ್ಪನವರ ಮನೆಯಲ್ಲಿ ವಿಲಾಯಿತಿ ಪೆಟ್ಟಿಗೆಯೇ ಇತ್ತು. ಆದರೆ ಹೊಲದ ಬದುವಿನ ವಿಚಾರದಲ್ಲಿ ಅವರಿಗೂ ಇವರಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಹಾಗಾಗಿ ಎಲ್ಲವೂ ಬಂದು ನಿಂತಿದ್ದು ನೀಲಕಂಠನ ಪೆಟ್ಟಿಗೆಯ ಮೇಲೆ.

ಹಿಂದಿನ ದಿನ ರೈಲು ಹತ್ತಿಸುವಾಗ ಚಂದ್ರಮತಿ ಮೆಲ್ಲಗೆ ಕೇಳಿದ್ದಳು: "ಕೇಳಿಸ್ತದಾ?"

"ಅಪ್ಪಾಜಿ ಮಡಿಲಿಗೇ ಬಂದು ಬೀಳ್ತದೆ ಬುಡು ನಿನ್ ಹಾಡು," ಎಂದು ಇವನು ಜಂಬ ಕೊಚ್ಚಿದ್ದ. ಅವಳು ನಗಲಿಲ್ಲ. ನಗದೆ ಇವನ ಮುಖವನ್ನೇ ನೋಡಿದ್ದಳು.

ಈ ರೇಡಿಯೋ ತಯಾರಾದದ್ದು ಮನೆಯ ಪಕ್ಕದ ಕೋಣೆಯಲ್ಲಿ. ಹಿಂದೆ ಅಲ್ಲಿ ಅರಿಸಿನದ ಮೂಟೆ ಒಟ್ಟುತ್ತಿದ್ದರು. ನೀಲಕಂಠ ಮೂಟೆಗಳನ್ನು ಮಂಡಿಗೆ ಸಾಗಿಸಿ, ಹಳೆಯ ಮಂಚದ ಹಲಗೆಯನ್ನು ಮೇಜು ಮಾಡಿಕೊಂಡು, ಗರಗಸ, ಬೈರಿಗೆ, ಬೆಸುಗೆ ಕಡ್ಡಿ ಎಲ್ಲ ಹೊಂದಿಸಿದ್ದ. ಹಗಲು ಮಂಡಿಯಲ್ಲಿ ಕೂರುವುದು, ಬಿಡುವಾದರೆ ಇಲ್ಲಿ ಬಂದು ಕೊರೆಯುವುದು, ಕುಯ್ಯುವುದು. ಗೋಡೆಗೆ ಮೆತ್ತಿದ ಅರಿಸಿನ ಮಾತ್ರ ಹೋಗಿರಲಿಲ್ಲ. ಅವನು ಮುಟ್ಟಿದ್ದಕ್ಕೆಲ್ಲ ಹಳದಿ ಹತ್ತುತ್ತಿತ್ತು.

ರೇಡಿಯೋದ ಹೊಟ್ಟೆಯೊಳಗಿನ ತಂತಿ, ಬಿಡಿಭಾಗಗಳನ್ನೆಲ್ಲ ಬೆಸೆದು ನಿಲ್ಲಿಸಲು ಒಂದು ಹಲಗೆ ಬೇಕು. ಕರೆಂಟು ಅದರ ಮೇಲೆ ಹರಿಯಬಾರದು. ಅದಕ್ಕೆ ಬೇಕಲೈಟ್ ಎಂಬ ಕಂದು ಹಾಳೆಯೇ ಆಗಬೇಕು. ಅದನ್ನು ಒದಗಿಸಿದವನು ಗುಂಡ್ಲುಪೇಟೆಯ ಇನಾಯತ್ ಉಲ್ಲಾ. ಬಸ್ ಸ್ಟ್ಯಾಂಡಿನ ಹತ್ತಿರ ಗಡಿಯಾರ, ಗ್ರಾಮಫೋನು ರಿಪೇರಿಯ ಪುಟ್ಟ ಅಂಗಡಿ ಅವನದು. ಇವನಿಗಿಂತ ಸ್ವಲ್ಪ ದೊಡ್ಡವನು, ಇವನಷ್ಟೇ ಹುಚ್ಚ. ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿದ ಹಾಳೆಯಲ್ಲಿ ಒಂದು ತುಂಡು ಕೊಡುತ್ತ, "ಇದು ಬಲೇ ಮುಂಗೋಪಿ ಮಾಲು ಸಾಮಿ," ಎಂದಿದ್ದ. "ತಣ್ಣಗಿರುವಾಗ ಗರಗಸ ಇಟ್ರೆ ಹಪ್ಪಳ ಮುರಿದಂಗೆ ಮುರೀತದೆ. ಬೆಚ್ಚಗೆ ಮಾಡ್ಕೊಂಡು ಕುಯ್ಯಿ. ಅವಸರ ಮಾಡ್ಬ್ಯಾಡ."

ಅವಸರ ಮಾಡಬೇಡ ಎಂದು ನೀಲಕಂಠನಿಗೆ ಹೇಳುವುದೂ ಒಂದೇ, ಗಾಳಿಗೆ ಹೇಳುವುದೂ ಒಂದೇ. ಆದರೂ ಆ ಹಲಗೆಯ ಮಟ್ಟಿಗೆ ಅವನು ಜತನದಿಂದಲೇ ಇದ್ದ. ರೊಟ್ಟಿಯ ಹಂಚಿನ ಮೇಲೆ ಬೆಚ್ಚಗೆ ಮಾಡಿದ. ಆಸ್ಪತ್ರೆಯಂಥ ವಾಸನೆ ಮನೆಯಲ್ಲೆಲ್ಲ ತುಂಬಿ, ದೊಡ್ಡಮಲ್ಲಮ್ಮ ಆ ಹಂಚನ್ನು ಅಂದೇ ಅಡುಗೆಮನೆಯಿಂದ ಗಡಿಪಾರು ಮಾಡಿದಳು. ಆಮೇಲೆ ಎಲ್ಲಿ ಕುಯ್ಯಬೇಕು, ಎಲ್ಲಿ ತೂತು ಹಾಕಬೇಕು ಎಂದು ಮೊಳೆಯಿಂದ ಗೀರಿದ. ಕಂದಿನ ಮೇಲೆ ಕಂದು ಗೀರು, ಏನೂ ಕಾಣಲಿಲ್ಲ. ಪೆನ್ಸಿಲ್ಲು ಹತ್ತಲಿಲ್ಲ. ಮನೆತುಂಬ ಇರುವ ಅರಿಸಿನವನ್ನೇ ಉಜ್ಜಿ ನೋಡಿದ, ಅದೂ ಕಂದಿನಲ್ಲಿ ಮುಳುಗಿಹೋಯಿತು. ಕೊನೆಗೆ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು ಗೀರುಗಳ ಮೇಲೆ ಒತ್ತಿ ಉಜ್ಜಿದ. ಏನು ಸೊಗಸು! ಗೀಟುಗಳು ಬೆಳ್ಳಗೆ ಎದ್ದು ಕಂಡವು. ಹಲಗೆಯ ನಟ್ಟನಡುವೆ ಉದ್ದಕ್ಕೊಂದು ಗೀಟು, ಅದರ ಈಚೆಗೆ ಒಂದು ಸಾಲು ಹಿತ್ತಾಳೆ ಮೊಳೆ, ಆಚೆಗೆ ಒಂದು ಸಾಲು. ಕೆಲಸ ಮುಗಿದ ಮೇಲೂ ಅದನ್ನು ಒರೆಸಲು ಅವನಿಗೆ ಮನಸ್ಸು ಬರಲಿಲ್ಲ. ಒಳಗೆ ವಿಭೂತಿ ಇದ್ದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡ.

ಮಧ್ಯಾಹ್ನ ಕಳೆದ ಮೇಲೆ ಇನಾಯತ್ ಬಂದ. ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ನೆನೆದುಕೊಂಡೇ ಬಂದಿದ್ದ. ಚಂದ್ರಮತಿಯ ಹಾಡು ಕೇಳಲೆಂದು ಅವನನ್ನು ಮೊದಲೇ ಕರೆದಾಗಿತ್ತು. ಜೊತೆಗಿರಲಿ ಎಂದು, ಹತ್ತಿಯಲ್ಲಿ ಸುತ್ತಿದ ಒಂದು ರೇಡಿಯೋ ಬಲ್ಬನ್ನೂ ತಂದಿದ್ದ. ಟೋಪಿ ಹಿಂಡಿಕೊಳ್ಳುವುದಕ್ಕೂ ನೀಲಕಂಠ ಅವನಿಗೆ ಬಿಡುವು ಕೊಡಲಿಲ್ಲ.

"ಬಲ್ಬು ಹಾಕು ಭಾಯ್, ಮೊದ್ಲು ಬಲ್ಬು ಹಾಕು."

ಹಾಕಿದರು. ಚಟಚಟ. ಕಂಡೆನ್ಸರ್ ಬದಲಾಯಿಸಿದರು. ಚಟಚಟ. ಏರಿಯಲ್ ತಂತಿ ನೆನೆದಿರಬಹುದೆಂದು ನೀಲಕಂಠ ಹೆಂಚಿನ ಮೇಲೆ ಹತ್ತಿ, ತಂತಿಯನ್ನು ಒರೆಸಿ, ಎರಡು ಹೆಂಚು ಒಡೆದು, ತಾನೂ ನೆನೆದು ಇಳಿದ. ಚಟಚಟ. ಇನಾಯತ್ ಒಂದೊಂದು ಬೆಸುಗೆಯನ್ನೂ ಮುಟ್ಟಿ ನೋಡುತ್ತಿದ್ದ. ನೀಲಕಂಠ ಅವನ ಹಿಂದೆ ನಿಂತು, ಮುಂದೆ ನಿಂತು, ಬೆಳಕಿಗೆ ಅಡ್ಡ ನಿಂತು, "ಏನಾರ ಕಂಡ್ತಾ? ಏನಾರ ಕಂಡ್ತಾ?" ಎಂದು ಪ್ರಾಣ ತಿನ್ನುತ್ತಿದ್ದ.

"ನೀನು ಒಂದು ಗಳಿಗೆ ಕೂತ್ಕೊಂಡ್ರೆ ಕಾಣ್ತದೇನೋ," ಎಂದ ಇನಾಯತ್.

ಕತ್ತಲಾಗುವ ಮೊದಲೇ ಶಾಂತಮಲ್ಲಪ್ಪನವರು ಮಂಡಿಯಿಂದ ಬಂದರು. ಕೈಕಾಲು ತೊಳೆದು, ಹಣೆಗೆ ವಿಭೂತಿ ಧರಿಸಿ, ಹಜಾರದ ಕುರ್ಚಿಯಲ್ಲಿ ಕೂತು ಎಲೆಯಡಿಕೆ ತಟ್ಟೆ ಎಳೆದುಕೊಂಡರು. "ಇನ್ನೂ ಹೊತ್ತದೆ ಅಲ್ಲವಾ?" ಎಂದರು.

"ಅದೆ ಅಪ್ಪಾಜಿ," ಎಂದು ಕೋಣೆಯೊಳಗಿಂದ ಕೂಗಿದ ನೀಲಕಂಠ. ಮಾವನವರು ಹೂಂ ಅನ್ನಲಿ ಎಂದು ಮನೆಯ ಸೊಸೆ ಮೈಸೂರಿನಲ್ಲಿ ಯಾವುದೋ ಕೋಣೆಯಲ್ಲಿ ತಂಬೂರಿಯ ಮುಂದೆ ಕೂತಿದ್ದಾಳೆ. ಅವಳು ಎಷ್ಟು ಚೆನ್ನಾಗಿ ಹಾಡಿದರೂ ಇಲ್ಲಿ ಈ ಹಾಳು ಪೆಟ್ಟಿಗೆ ಅವಳ ಬಾಯಿ ಮುಚ್ಚಿಸಿಬಿಡುತ್ತದೆ. ಮುಚ್ಚಿಸಿದವನು ತಾನೇ ಆಗುತ್ತೇನೆ. ಹಾಗೆನ್ನಿಸಿದ್ದೇ ಅವನಿಗೆ ಅಳು ಬಂದಂತಾಯಿತು, ಅಳುವ ಬದಲು ಸಿಟ್ಟು ಬಂತು. ತಲೆಯ ಮೇಲೆ ಉರಿಯುತ್ತಿದ್ದ ದೀಪ ಕಣ್ಣಿಗೆ ಚುಚ್ಚಿದಂತಾಗಿ ಅದನ್ನು ಪಟ್ಟೆಂದು ಆರಿಸಿದ.

ಕತ್ತಲಲ್ಲಿ ಅದು ಕಂಡಿತು.

ಹಲಗೆಯ ನಡುವೆ, ಸಣ್ಣದೊಂದು ನೀಲಿ ಕಿಡಿ. ಬಿಳಿ ಗೀಟಿನ ಮೇಲೆ ಇರುವೆಯ ಹಾಗೆ ಅಲ್ಲಿಂದಿಲ್ಲಿಗೆ ಹರಿದಾಡುತ್ತಿತ್ತು. ಅದು ಹರಿದಾಗಲೆಲ್ಲ ರೇಡಿಯೋ ಚಟ್ ಎನ್ನುತ್ತಿತ್ತು.

"ಆ ಬೆಳ್ಳಗಿರೋದು ಏನು ಸಾಮಿ?" ಎಂದ ಇನಾಯತ್.

"ವಿಭೂತಿ," ಎಂದ ನೀಲಕಂಠ. "ಗೀಟು ಕಾಣ್ಲಿ ಅಂತ ಹಚ್ದೆ. ಬೂದಿ ಭಾಯ್ ಅದು. ಬೂದೀಲಿ ಉಪ್ಪದೆ. ಈ ಥಂಡಿ ಎಲ್ಲಾ ಎಳ್ಕೊಂಡು ಒದ್ದೆ ಆಗ್ಯದೆ. ಆಚೆ ಸಾಲಿನ ಕರೆಂಟು ಅದರ ಮೇಲೇ ನಡ್ಕೊಂಡು ಈಚೆಗೆ ಬತ್ತಾ ಅದೆ."

"ನಮ್ಮನೇಲಿ ಇದ್ದಿದ್ರೆ ನಾನೂ ಅದ್ನೇ ಹಚ್ತಿದ್ದೆ ಬುಡು," ಎಂದ ಇನಾಯತ್. ಅದು ಅವನ ದೊಡ್ಡತನ.

ತಂತಿ ಕಿತ್ತು, ದೀಪ ಹಾಕಿ, ಸೂಜಿಯಿಂದ ಕೆರೆದು ನೋಡಿದರು. ವಿಭೂತಿ ಉದುರಿತು. ಅದರಡಿಯಲ್ಲಿ ಕೂದಲೆಳೆಯಷ್ಟು ಕರಿ ಗೆರೆ ಕಂಡಿತು. ಕಿಡಿ ಹರಿದು ಹರಿದು ಬೇಕಲೈಟೇ ಅಲ್ಲಿ ಸುಟ್ಟು ಇದ್ದಿಲಾಗಿತ್ತು. ಇದ್ದಿಲಿನ ಮೇಲೆ ಕರೆಂಟು ಇನ್ನೂ ಸಲೀಸಾಗಿ ಓಡುತ್ತದೆ. ಹೊಸ ಹಲಗೆ ಕುಯ್ದು ಎಲ್ಲವನ್ನೂ ಬೆಸೆಯುವುದೆಂದರೆ ಅದು ಒಂದು ಸಂಜೆಯ ಕೆಲಸವಲ್ಲ.

"ಗೀಟನ್ನೇ ಕುಯ್ದು ತೆಗ್ದುಬುಡ್ತೀನಿ," ಎಂದ ನೀಲಕಂಠ. "ಉದ್ದಕ್ಕೂ. ಹಲಗೆ ಎರಡು ಹೋಳಾಗ್ಲಿ. ನಡುವೆ ಗಾಳಿ ಇದ್ರೆ ಹೆಂಗೆ ದಾಟ್ತದೆ?"

"ಮೊಳೆ, ತಂತಿ ಎಲ್ಲಾ ಹಂಗೇ ಇಟ್ಕೊಂಡಾ? ಒಂದು ಸೀಳು ಅಡ್ಡಕ್ಕೆ ಹೋದ್ರೆ ಎಲ್ಲಾ ಕಿತ್ಕೊಂಡು ಬತ್ತದೆ ಸಾಮಿ. ಇದು ಈಗ ತಣ್ಣಗದೆ."

ನೀಲಕಂಠ ಆಗಲೇ ಅಡುಗೆಮನೆಯ ಬಾಗಿಲಲ್ಲಿದ್ದ. "ಅವ್ವ, ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬ್ಕೊಂಡು ಬಾ. ಬಿರ್ನೆ." ಯಾಕೆ ಎಂದು ಕೇಳಿದವಳಿಗೆ ಹತ್ತಿರ ಬಂದು ಪಿಸುಗುಟ್ಟಿದ: "ವಿಭೂತಿ ಗೀಟಿನಿಂದ ಕೆಟ್ಟದೆ ಕಣವ್ವ. ಅಪ್ಪಾಜಿಗೆ ಹೇಳ್ಬ್ಯಾಡ."

"ಹಣೆಗೆ ಇಕ್ಕೋ ಅಂದ್ರೆ ಒಂದಿನ ಇಕ್ನಿಲ್ಲ. ಪೆಟ್ಟಿಗೆಗೆ ಇಕ್ಕವ್ನೆ," ಎಂದಳು ದೊಡ್ಡಮಲ್ಲಮ್ಮ. ಹಾಗೆಂದರೂ ಒಲೆಯ ಮುಂದೆ ಬಗ್ಗಿ ಕೆಂಡ ತುಂಬತೊಡಗಿದಳು.

ಗರಗಸದ ಚೌಕಟ್ಟು ಒಳಗೆ ಹಿಡಿಸುತ್ತಿರಲಿಲ್ಲ. ನೀಲಕಂಠ ಅಲಗನ್ನು ಬಿಚ್ಚಿ, ಒಂದು ತುದಿಗೆ ಬಟ್ಟೆ ಸುತ್ತಿ ಕೈಯಲ್ಲೇ ಹಿಡಿದ. ಇನಾಯತ್ ಹಲಗೆಯನ್ನು ಎರಡೂ ಕಡೆ ಅದುಮಿ ಹಿಡಿದ. ದೊಡ್ಡಮಲ್ಲಮ್ಮ ಸೆರಗು ಸಿಕ್ಕಿಸಿ, ಇಸ್ತ್ರಿ ಪೆಟ್ಟಿಗೆಯನ್ನು ಹಲಗೆಯ ಹತ್ತಿರ ಹಿಡಿದು ನಿಂತಳು. ತೀರ ಹತ್ತಿರ ಹೋದರೆ ಬೆಸುಗೆ ಕರಗುತ್ತದೆ, ದೂರವಾದರೆ ಹಲಗೆ ತಣ್ಣಗಾಗುತ್ತದೆ. ಆಸ್ಪತ್ರೆಯ ವಾಸನೆ ಮತ್ತೆ ಎದ್ದಿತು. ಈ ಸಲ ಅವಳು ಮೂಗು ಮುಚ್ಚಲಿಲ್ಲ.

ಕರ್, ಕರ್, ಕರ್. ಕಂದು ಹುಡಿ ಉದುರಿತು. ನೀಲಕಂಠನಿಗೆ ಒಂದೇ ಎಳೆತಕ್ಕೆ ಎಳೆದುಬಿಡಬೇಕೆಂದು ಕೈ ತುರಿಸುತ್ತಿತ್ತು. ಎಳೆದರೆ ಸೀಳುತ್ತದೆ. ಹಲ್ಲು ಕಚ್ಚಿಕೊಂಡು ಬೆರಳಗಲ ಎಳೆದ, ಬೆರಳಗಲ ತಳ್ಳಿದ. ಜೀವಮಾನದಲ್ಲಿ ಅಷ್ಟು ನಿಧಾನವಾಗಿ ಅವನು ಏನನ್ನೂ ಮಾಡಿದವನಲ್ಲ.

"ಏನ್ಲಾ ಅದು, ಇಲಿ ಕಡ್ದಂಗೆ?" ಎಂದು ಹಜಾರದಿಂದ ದನಿ ಬಂತು.

"ಏನಿಲ್ಲ ಅಪ್ಪಾಜಿ."

ಗೀಟು ಇನ್ನೂ ಕಾಲುಭಾಗ ಉಳಿದಿರುವಾಗ ಹಲಗೆ ಟಿಕ್ ಎಂದಿತು. ಮೂವರೂ ಉಸಿರು ಬಿಗಿಹಿಡಿದರು. ತುದಿಯಿಂದ ಒಂದು ಸೀಳು ಓರೆಯಾಗಿ ಹೊರಟು, ಮೊದಲನೆಯ ಮೊಳೆಯ ತೂತಿಗೆ ಬಂದು ನಿಂತಿತು. "ಕೆಂಡ ಹತ್ರ ಹಿಡಿ ಅಮ್ಮಾ," ಎಂದ ಇನಾಯತ್. ಅವಳು ಹಿಡಿದಳು. ಅಷ್ಟರಲ್ಲಿ ಹಜಾರದ ಗಡಿಯಾರ ಅರ್ಧಗಂಟೆ ಹೊಡೆಯಿತು. ಕುರ್ಚಿ ಕಿರುಗುಟ್ಟಿದ್ದೂ ಕೇಳಿಸಿತು, ಶಾಂತಮಲ್ಲಪ್ಪನವರು ಎದ್ದಿದ್ದರು.

"ಏಳೂವರೆ ಆಯ್ತು ಕಣ. ನಾನು ಆಡಿದ್ ಮಾತು ಆಡಿದ್ದೇ."

"ಇನ್ನೊಂದ್ ಚಣ ಅಪ್ಪಾಜಿ. ನಿಮ್ ಕಾಲಿಗೆ ಬೀಳ್ತೀನಿ, ಕೂತ್ಕಳಿ."

ಮಗ ಹಾಗೆ ಮಾತಾಡಿದ್ದನ್ನು ಅವರು ಎಂದೂ ಕೇಳಿರಲಿಲ್ಲ. ಕೂರಲಿಲ್ಲ, ಆದರೆ ಒಳಗೂ ಹೋಗಲಿಲ್ಲ.

ಹಲಗೆ ಎರಡು ಹೋಳಾಯಿತು. ನಡುವೆ ಅಲಗಿನಷ್ಟು ಸಂದು. ನೀಲಕಂಠ ಬಾಯಿಂದ ಊದಿ ಹುಡಿ ಹಾರಿಸಿ, ಪೆಟ್ಟಿಗೆಯನ್ನು ಎದೆಗವಚಿಕೊಂಡು ಹಜಾರಕ್ಕೆ ತಂದು ತಂತಿ ಚುಚ್ಚಿದ. ಆಗಿನ ರೇಡಿಯೋಗಳು ಚುಚ್ಚಿದ ತಕ್ಷಣ ಮಾತಾಡುತ್ತಿರಲಿಲ್ಲ, ಬಲ್ಬು ಕಾಯಬೇಕಿತ್ತು. ಆ ಮೌನದಲ್ಲಿ ಅವನು ಅಂಗಿಯ ಗುಂಡಿಯನ್ನು ತಿರುಚಿ ತಿರುಚಿ ಕಿತ್ತೇಬಿಟ್ಟ.

ಮೊದಲು ತಂಬೂರಿ ಕೇಳಿಸಿತು. ಆಮೇಲೆ ದನಿ ಬಂತು.

ಹಾಡು ಆಗಲೇ ಅರ್ಧ ಮುಗಿದಿತ್ತು. ತುಂಬಿದ ಹೆಣ್ಣುದನಿ, ಅಂಜಿಕೆಯಿಲ್ಲದ್ದು. ಮೇಲಕ್ಕೆ ಹೋಗಬೇಕಾದಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಹೋಗಿ, ಅಲ್ಲಿ ನಿಂತು, ತನಗೆ ಬೇಕಾದಾಗ ಇಳಿಯುತ್ತಿತ್ತು. ಒಂದು ಚಟ್ ಇಲ್ಲ, ಒಂದು ಪಟ್ ಇಲ್ಲ. ಇನಾಯತ್ ಬಾಗಿಲ ಪಕ್ಕದಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ನೀಲಕಂಠ ಅಪ್ಪನ ಮುಖ ನೋಡಿದ.

"ಯಾರಿವಳು?" ಎಂದರು ಶಾಂತಮಲ್ಲಪ್ಪ.

"ಚಂದ್ರಮತಿ, ಅಪ್ಪಾಜಿ."

"ಅಲ್ಲ." ಅವರು ತಲೆಯಾಡಿಸಿದರು. "ಹೆಸರು ಹೇಳಿದ್ ನಾನು ಕೇಳ್ನಿಲ್ಲ. ಯಾರ್ದೋ ಹಾಡು ಕೇಳ್ಸಿ ನನ್ ಕಿವಿ ಮೇಲೆ ಹೂವ ಇಕ್ಬ್ಯಾಡ. ನನ್ ಸೊಸೆ ಗಂಟಲು ನಂಗೊತ್ತಿಲ್ವಾ? ಅವಳ ಗಂಟಲು..."

ಅಲ್ಲಿಗೆ ಮಾತು ನಿಂತಿತು. ಬಾಯಿ ಸ್ವಲ್ಪ ತೆರೆದೇ ಇತ್ತು. ಸೊಸೆಯ ಗಂಟಲು ಹೇಗಿದೆಯೆಂದು ಹೇಳಲು ಹೊರಟವರಿಗೆ ಹೇಳಲು ಏನೂ ಸಿಕ್ಕಲಿಲ್ಲ. ಅವಳು ಈ ಮನೆಗೆ ಬಂದು ವರ್ಷಗಳಾಗಿದ್ದವು. ಮಾವನ ಎದುರು ನಿಲ್ಲುವುದು, ಮಾತಾಡುವುದು ಆ ಮನೆಯಲ್ಲಿ ಇರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಅತ್ತೆಯ ಕೈಲಿ ಹೇಳಿಸಿದ ಮಾತು, ತಲೆಯಾಡಿಸಿದ ಮಾತು, ಅಷ್ಟೇ ಅವರಿಗೆ ಗೊತ್ತಿದ್ದ ಸೊಸೆ.

"ಅವಳೇ," ಎಂದಳು ದೊಡ್ಡಮಲ್ಲಮ್ಮ. ಇಸ್ತ್ರಿ ಪೆಟ್ಟಿಗೆ ಇನ್ನೂ ಅವಳ ಕೈಯಲ್ಲೇ ಇತ್ತು.

"ನಿಂಗೆಂಗೆ ಗೊತ್ತು?"

"ದಿನಾ ಕೇಳ್ತೀನಲ್ಲ. ನೀವು ಮಂಡಿಗೆ ಹೋದ್ಮೇಲೆ ರುಬ್ಬೋ ಕಲ್ಲಿನ ತಾವು ಕೂತ್ಕೊಂಡು ಹಾಡ್ತಾಳೆ. ಇದೇ ಗಂಟಲು. ಇಷ್ಟೇ ಜೋರು."

"ನಾನು ಒಂದಿನಾನೂ ಕೇಳ್ನಿಲ್ವಲ್ಲ."

"ಬಾಗಿಲ ತಾವು ನಿಮ್ಮ ಎಕ್ಕಡದ ಸದ್ದಾದ್ರೆ ಬಾಯಿ ಮುಚ್ಕೊಬುಡ್ತಾಳೆ. ಪದ ಅರ್ಧಕ್ಕೇ ನಿಂತೋಯ್ತದೆ." ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. "ನಾನೂ ಅಂಗೇ ಮಾಡ್ತಿದ್ದೆ."

ಶಾಂತಮಲ್ಲಪ್ಪನವರು ಹೆಂಡತಿಯನ್ನು ನೋಡಿದರು. ಮೆಲ್ಲಗೆ ಕುರ್ಚಿಯಲ್ಲಿ ಕೂತರು. ಹಾಡು ಇನ್ನೊಂದು ಸಲ ಮೇಲೆ ಹೋಗಿ, ಇಳಿದು, ತಂಬೂರಿಯಲ್ಲಿ ಸೇರಿಕೊಂಡಿತು. ಆಮೇಲೆ ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು, ಇದುವರೆಗೆ ವಚನಗಳನ್ನು ಹಾಡಿದವರು ಚಾಮರಾಜನಗರದ ಶ್ರೀಮತಿ ಚಂದ್ರಮತಿ ಎಂದು ಹೇಳಿದ. ಆ ಹೊತ್ತಿ‍ಗೆ ಹಜಾರದಲ್ಲಿ ಯಾರಿಗೂ ಆ ಸಾಕ್ಷಿ ಬೇಕಿರಲಿಲ್ಲ. ಎಲೆಯಡಿಕೆ ತಟ್ಟೆ ಪಕ್ಕದಲ್ಲೇ ಇತ್ತು, ಶಾಂತಮಲ್ಲಪ್ಪನವರು ಮುಟ್ಟಲಿಲ್ಲ.

"ಮುಂದ್ಲ ಸಲ ಯಾವತ್ತಂತೆ?" ಎಂದರು.

ಬಾಗಿಲ ಬಳಿಯಿಂದ ಇನಾಯತ್ ಹೇಳಿದ: "ಕರೀತಾರೆ ಯಜಮಾನ್ರೆ. ಈ ಗಂಟಲು ಕೇಳಿದೋರು ಸುಮ್ಕಿರಲ್ಲ."

ಚಂದ್ರಮತಿ ಮರುದಿನದ ರೈಲಿಗೆ ಬಂದಳು. ಮಾವ ಅವಳಿಗೆ ಏನೂ ಹೇಳಲಿಲ್ಲ. ಹೇಳುವ ರೂಢಿ ಇದ್ದರೆ ತಾನೇ? ನೀಲಕಂಠ ಹೇಳಿದ್ದನ್ನು ಕೇಳಿ, ಅವಳು ನಂಬಬೇಕೋ ಬೇಡವೋ ಎಂಬಂತೆ ಒಳಗೆ ಹೋದಳು. ಇವನಿಗೆ ಮತ್ತೆ ಸಮಾಧಾನವಿಲ್ಲ. ಮುಂದಕ್ಕೂ ಹಾಡಲಿ ಎಂದು ಅಪ್ಪ ಬಾಯಿಬಿಟ್ಟು ಅಂದಿರಲಿಲ್ಲವಲ್ಲ, ಕೇಳಿದ್ದು ಬರೀ ಯಾವತ್ತು ಎಂದು. ನಾಳೆ ಮನಸ್ಸು ಬದಲಾದರೆ?

ಆ ವಾರವೇ ಒಂದು ಸಂಜೆ ಅವನು ಹೊಸ ಹಲಗೆ ಕುಯ್ಯಲೆಂದು ಕೋಣೆಯಲ್ಲಿದ್ದ. ಹಿತ್ತಲ ಕಡೆಯಿಂದ ರುಬ್ಬುವ ಕಲ್ಲಿನ ಸದ್ದು, ಅದರ ಜೊತೆಗೆ ಚಂದ್ರಮತಿಯ ಹಾಡು ಬರುತ್ತಿತ್ತು. ಅಪ್ಪ ಮಂಡಿಯಿಂದ ಬರುವ ಹೊತ್ತು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಇವನ ಕೈ ಗರಗಸದ ಮೇಲೆಯೇ ಉಳಿಯಿತು. ಹಾಡು ನಿಲ್ಲಲಿಲ್ಲ. ತಡೆಯಲಾರದೆ ಎದ್ದು ಜಗಲಿಗೆ ಬಂದ.

ಶಾಂತಮಲ್ಲಪ್ಪನವರು ಮನೆಯ ಮೆಟ್ಟಿಲ ಕೆಳಗೆ, ಬೀದಿಯ ಕೆಸರಿನಲ್ಲಿ ಬರಿಗಾಲಲ್ಲಿ ನಿಂತಿದ್ದರು. ಎಕ್ಕಡಗಳನ್ನು ಒಂದು ಕೈಯಲ್ಲಿ ಹಿಡಿದಿದ್ದರು. ಬೀದಿಯ ತಿರುವಿನಿಂದಲೇ ಹಾಗೆ ಬಂದಿರಬೇಕು, ಮಣ್ಣು ಮೊಣಕಾಲವರೆಗೆ ಸಿಡಿದಿತ್ತು. ಮಗನನ್ನು ಕಂಡು ಒಂದು ಬೆರಳೆತ್ತಿ ತುಟಿಯ ಮೇಲಿಟ್ಟುಕೊಂಡರು. ಹಾಡು ಮುಗಿಯುವವರೆಗೂ ಒಳಗೆ ಬರಲಿಲ್ಲ.